ಬೆನ್ನುನೋವಿಗೆಂದು ಹೋದವಳಿಗೆ ಕಂಡ ಸೊಂಟದ ಹುಣ್ಣು

2025ರ ಜನವರಿಯ ಒಂದು ಮುಂಜಾನೆ, ಬೆಂಗಳೂರಿನ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನನ್ನ ಕೈಗೆ ಒಂದು ನಮೂನೆ ಕೊಟ್ಟರು. ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಯಾವ ಶಸ್ತ್ರಚಿಕಿತ್ಸೆ ಆಗಿದೆ, ಈಚೆಗೆ ಜ್ವರ ಬಂದಿತ್ತೇ ಎಂಬ ಪ್ರಶ್ನೆಗಳ ನಡುವೆ ‘ಮೈಮೇಲೆ ಎಲ್ಲಿಯಾದರೂ ಗಾಯ, ಹುಣ್ಣು ಇದೆಯೇ?’ ಎಂಬುದೂ ಒಂದಿತ್ತು. ಅದರ ಮುಂದೆ ‘ಇಲ್ಲ’ ಎಂದು ಬರೆದೆ. ಸುಳ್ಳು ಹೇಳಬೇಕೆಂದು ಬರೆದದ್ದಲ್ಲ. ಬಲ ಸೊಂಟದ ಮೇಲೆ, ಲಂಗದ ಲಾಡಿ ಕೂರುವ ಜಾಗದಲ್ಲಿ, ಮೂರು ವರ್ಷಗಳಿಂದ ವಾಸಿಯಾಗದ ಹುಣ್ಣೊಂದು ನನಗಿತ್ತು. ಆದರೆ ಅದು ಗಾಯದ ಲೆಕ್ಕಕ್ಕೆ ಬರುತ್ತದೆಂಬುದು ಆ ಹೊತ್ತಿನಲ್ಲಿ ನನಗೆ ಹೊಳೆಯಲೇ ಇಲ್ಲ. ಅದನ್ನು ನಾನು ‘ಲಾಡಿ ಕಚ್ಚಿದ್ದು’ ಎಂದು ಕರೆದು ಬಿಟ್ಟಿದ್ದೆ. ಹಾಗೆ ಕರೆದ ಮೇಲೆ ಅದರ ಬಗ್ಗೆ ಮತ್ತೆ ಯೋಚಿಸುವುದು ಉಳಿದಿರಲಿಲ್ಲ.

ನನಗೀಗ 66 ವರ್ಷ. ರಾಣೆಬೆನ್ನೂರಿನ ಸುತ್ತಮುತ್ತಲ ಪ್ರೌಢಶಾಲೆಗಳಲ್ಲಿ 33 ವರ್ಷ ಕನ್ನಡ ಕಲಿಸಿ ನಿವೃತ್ತಳಾದೆ. 2017ರಲ್ಲಿ ಬಲ ಸ್ತನದಲ್ಲಿ ಕ್ಯಾನ್ಸರ್ ಕಾಣಿಸಿಕೊಂಡು, ಶಸ್ತ್ರಚಿಕಿತ್ಸೆ, ಕೀಮೋ, ರೇಡಿಯೇಶನ್ ಎಲ್ಲವೂ ಆದವು. ಬಲ ಕಂಕುಳಿನ ಗ್ರಂಥಿಗಳನ್ನೂ ಆಗಲೇ ತೆಗೆದಿದ್ದರು. ಆ ಬಳಿಕ ಕ್ಯಾನ್ಸರ್ ಮರಳದಿರಲೆಂದು ಐದು ವರ್ಷ ಲೆಟ್ರೋಜೋಲ್ ಮಾತ್ರೆ ನುಂಗಿದೆ. ಮೊದಮೊದಲು ಮೂರು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ, ಕೊನೆಗೆ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುವುದು ನಮ್ಮ ಮನೆಯಲ್ಲಿ ಬಿತ್ತನೆ, ಸುಗ್ಗಿಯ ಹಾಗೆ ಕ್ಯಾಲೆಂಡರಿನಲ್ಲಿ ಗುರುತಾಗಿರುತ್ತಿದ್ದ ಕೆಲಸವಾಗಿತ್ತು.

2024ರ ದೀಪಾವಳಿ ಕಳೆಯುತ್ತಿದ್ದಂತೆ ಬೆನ್ನಿನ ಕೆಳಭಾಗದಲ್ಲಿ ನೋವು ಶುರುವಾಯಿತು. ಹಗಲು ಹೇಗೋ ಓಡಾಡಿಕೊಂಡಿದ್ದರೂ ರಾತ್ರಿ ಮಗ್ಗುಲು ಬದಲಿಸುವಾಗ ಜೀವ ಹೋದಂತಾಗುತ್ತಿತ್ತು. ಒಮ್ಮೆ ಕ್ಯಾನ್ಸರ್ ಬಂದು ಹೋದವರಿಗೆ ಬರೀ ಬೆನ್ನುನೋವು ಎಂಬುದು ಇರುವುದಿಲ್ಲ. ಸ್ತನದ ಕ್ಯಾನ್ಸರ್ ಮರಳಿ ಬಂದರೆ ಎಲುಬಿಗೆ ಬರುವುದು ಹೆಚ್ಚು ಎಂಬುದು ನನಗೆ ಗೊತ್ತಿತ್ತು. ಹಾಗೆ ಗೊತ್ತಿದ್ದವಳು ಮೂರು ವಾರ ಯಾರಿಗೂ ಹೇಳದೆ ಎಣ್ಣೆ ತಿಕ್ಕಿಕೊಂಡು ಕೂತಿದ್ದೆ. ಕೊನೆಗೆ ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ ನನ್ನ ದನಿ ಕೇಳಿಯೇ ಹಿಡಿದಳು. ರಕ್ತ ಪರೀಕ್ಷೆಯಲ್ಲಿ ಸಿಎ 15-3 ಎಂಬ ಸ್ತನದ ಕ್ಯಾನ್ಸರಿನ ಸೂಚಕವೂ ಸ್ವಲ್ಪ ಏರಿತ್ತು. ಬರೀ ಎಲುಬಿನ ಸ್ಕ್ಯಾನ್ ಮಾಡಿಸಿದರೆ ಸಾಕೇ ಎಂದು ನಾನು ಕೇಳಿದೆ, ಅದು ಅಗ್ಗವೆಂಬ ಕಾರಣಕ್ಕೆ. ಸೂಚಕ ಏರಿರುವುದರಿಂದ ಯಕೃತ್ತು, ಶ್ವಾಸಕೋಶ, ಗ್ರಂಥಿಗಳನ್ನೂ ಒಟ್ಟಿಗೆ ನೋಡುವ ಪೆಟ್-ಸಿಟಿ ಸ್ಕ್ಯಾನೇ ಸರಿ ಎಂದು ವೈದ್ಯರು ಹೇಳಿದರು. ಅವತ್ತು ನನ್ನ ಮಾತೇ ನಡೆದಿದ್ದರೆ ಮುಂದಿನದೇನೂ ತಿಳಿಯುತ್ತಿರಲಿಲ್ಲ. ಎಲುಬಿನ ಸ್ಕ್ಯಾನಿಗೆ ಕೊಡುವ ಔಷಧ ಎಲುಬನ್ನು ಹುಡುಕಿಕೊಂಡು ಹೋಗುತ್ತದೆಯೇ ಹೊರತು ಚರ್ಮವನ್ನಲ್ಲ.

ಪೆಟ್ ಸ್ಕ್ಯಾನಿನ ತಯಾರಿ ಹಿಂದಿನ ದಿನವೇ ಆರಂಭವಾಗುತ್ತದೆ. ಹೆಚ್ಚು ನಡೆಯಬಾರದು, ಭಾರ ಎತ್ತಬಾರದು, ಚಳಿಗೆ ಮೈಯೊಡ್ಡಬಾರದು, ಸ್ಕ್ಯಾನಿಗೆ ಮುಂಚೆ ಆರು ಗಂಟೆಯಾದರೂ ನೀರಿನ ಹೊರತು ಏನನ್ನೂ ಮುಟ್ಟಬಾರದು. ಇದಕ್ಕೆಲ್ಲ ಕಾರಣವಿದೆ. ಕೈಯ ರಕ್ತನಾಳಕ್ಕೆ ಚುಚ್ಚುವ ಎಫ್‌ಡಿಜಿ ಎಂಬ ಔಷಧ ಗ್ಲೂಕೋಸಿನದೇ ಒಂದು ರೂಪ. ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣ ಸೂಸುವ ಪರಮಾಣುವನ್ನು ಅಂಟಿಸಿರುತ್ತಾರೆ. ಸಕ್ಕರೆಗೆ ಹಸಿದ ಜೀವಕೋಶಗಳು ಅದನ್ನು ನಿಜವಾದ ಗ್ಲೂಕೋಸೆಂದೇ ತಿಳಿದು ಒಳಗೆಳೆದುಕೊಳ್ಳುತ್ತವೆ, ಆದರೆ ಅರಗಿಸಿಕೊಳ್ಳಲಾಗದೆ ಅದು ಒಳಗೇ ಸಿಕ್ಕಿಬೀಳುತ್ತದೆ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಮಿತಿಮೀರಿ ಬಳಸುತ್ತವೆಂಬುದನ್ನು ಜರ್ಮನಿಯ ಆಟೋ ವಾರ್ಬರ್ಗ್ 1920ರ ದಶಕದಲ್ಲೇ ಕಂಡುಕೊಂಡಿದ್ದರಂತೆ. ಆದರೆ ದುಡಿಯುವ ಸ್ನಾಯುವಿಗೂ, ನಡುಗುವ ಮೈಗೂ, ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಿಗೂ ಸಕ್ಕರೆ ಬೇಕು. ಅವೆಲ್ಲ ಸುಮ್ಮನಿದ್ದರೆ ಮಾತ್ರ ಹುಡುಕುತ್ತಿರುವುದು ಎದ್ದು ಕಾಣುತ್ತದೆ.

ನಾವು ಏಳು ಗಂಟೆಗೇ ತಲುಪಿದೆವು. ಔಷಧ ಇನ್ನೂ ದಾರಿಯಲ್ಲಿತ್ತು. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಎಂಬ ಯಂತ್ರ ಬೇರೆಡೆ ಇದ್ದು, ಔಷಧ ಪ್ರತಿದಿನ ಬೆಳಿಗ್ಗೆ ಸೀಸದ ಪೆಟ್ಟಿಗೆಯಲ್ಲಿ ಕಾರಿನಲ್ಲಿ ಬರುತ್ತದೆ ಎಂದು ಸ್ವಾಗತದಲ್ಲಿದ್ದವರು ಹೇಳಿದರು. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ; ಬೆಳಿಗ್ಗೆ ಆರಕ್ಕೆ ಹೊರಟದ್ದರಲ್ಲಿ ಎಂಟು ಗಂಟೆಯ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ ಉಳಿದಿರುತ್ತದೆ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಕರಗುತ್ತಾ ಬರುವ ಒಂದು ವಸ್ತುವಿಗಾಗಿ ನಾವು ಎಂಟು ಜನ ಹಸಿದುಕೊಂಡು ಕಾಯುತ್ತಿದ್ದೆವು. ಪಕ್ಕದಲ್ಲಿದ್ದ ಹುಡುಗನಿಗೆ ಇಪ್ಪತ್ತೆರಡೂ ತುಂಬಿರಲಿಕ್ಕಿಲ್ಲ. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ನಾಲ್ಕು ಸುತ್ತು ಕೀಮೋ ಮುಗಿದಿದೆ, ಎಷ್ಟು ಕರಗಿದೆಯೆಂದು ನೋಡಲು ಬಂದಿದ್ದೇನೆ ಎಂದ. ಅವನ ತಾಯಿ ನನ್ನ ಕೈ ಹಿಡಿದುಕೊಂಡು ಕೂತರು. ಆಕೆಯ ಊರು, ಹೆಸರು ಒಂದನ್ನೂ ನಾನು ಕೇಳಲಿಲ್ಲ.

ಸಕ್ಕರೆ ಪರೀಕ್ಷಿಸಿ, 104 ಇದೆ ಎಂದು ಬರೆದುಕೊಂಡು, ನರ್ಸ್ ನನ್ನ ಎಡಗೈಗೆ ಸೂಜಿ ಹಾಕಿದಳು. ಗ್ರಂಥಿ ತೆಗೆದ ಬಲಗೈಗೆ ಚುಚ್ಚಬಾರದೆಂದು ನಾನು ಹೇಳುವ ಮುಂಚೆಯೇ ಅವಳಿಗೆ ಗೊತ್ತಿತ್ತು. ಲೋಹದ ಕವಚ ತೊಡಿಸಿದ ಸಿರಿಂಜಿನಿಂದ ಔಷಧ ಒಳಗೆ ಹೋದಾಗ ತಣ್ಣನೆಯ ನೀರು ಹರಿದಂತಾಯಿತೇ ಹೊರತು ಬೇರೇನೂ ತಿಳಿಯಲಿಲ್ಲ. ಆಮೇಲೆ ಮಂದ ಬೆಳಕಿನ ಒಂದು ಪುಟ್ಟ ಕೋಣೆಯಲ್ಲಿ ಒಂದು ಗಂಟೆ ಮಲಗಬೇಕು. ಮಾತಾಡಬಾರದು, ಓದಬಾರದು, ಮೊಬೈಲ್ ನೋಡಬಾರದು. ಮಾತಾಡಿದರೆ ಗಂಟಲಿನ ಸ್ನಾಯುಗಳು ಔಷಧವನ್ನು ಎಳೆದುಕೊಂಡು ಚಿತ್ರದಲ್ಲಿ ಹೊಳೆಯುತ್ತವಂತೆ. 33 ವರ್ಷ ಮಾತಾಡುವುದನ್ನೇ ವೃತ್ತಿ ಮಾಡಿಕೊಂಡಿದ್ದವಳು ಆ ಒಂದು ಗಂಟೆ ಮನಸ್ಸಿನಲ್ಲೇ ಬಾಯಿಪಾಠದ ವಚನಗಳನ್ನು ಹೇಳಿಕೊಂಡು ಕಳೆದೆ, ತುಟಿ ಅಲುಗಿಸದೆ.

ಸ್ಕ್ಯಾನ್ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಚಿತ್ರ ಸರಿಯಾಗಿದೆಯೇ ಎಂದು ನೋಡುವ ತನಕ ಕೂತಿರಿ ಎಂದರು. ಸ್ವಲ್ಪ ಹೊತ್ತಿನ ಬಳಿಕ ತಂತ್ರಜ್ಞೆ ಬಂದು, “ಅಮ್ಮ, ಇನ್ನೊಂದು ಸಲ ಮೂತ್ರಕ್ಕೆ ಹೋಗಿ ಬನ್ನಿ. ಬಂದಮೇಲೆ ಬಲಗಡೆ ಸೊಂಟವನ್ನು ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಂಡು ಈ ಬೇರೆ ಗೌನ್ ಹಾಕಿಕೊಳ್ಳಿ, ಅಷ್ಟು ಭಾಗ ಮಾತ್ರ ಮತ್ತೆ ತೆಗೆಯಬೇಕು” ಎಂದಳು. ಯಾಕೆಂದು ಕೇಳಿದ್ದಕ್ಕೆ, ಔಷಧ ಮೂತ್ರದಲ್ಲಿ ಹೊರಬರುತ್ತದೆ, ಒಂದು ಹನಿ ಬಟ್ಟೆಗೋ ಚರ್ಮಕ್ಕೋ ತಾಗಿದ್ದರೂ ಯಂತ್ರಕ್ಕೆ ಕಾಣುತ್ತದೆ, ಅದಕ್ಕೆ ಎಂದಳು. ಒರೆಸಿಕೊಳ್ಳುವಾಗ ಹುಣ್ಣಿಗೆ ನೀರು ತಾಗಿ ಉರಿಯಿತು. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಎರಡನೆಯ ಸಲದ ಚಿತ್ರವಾದ ಮೇಲೆ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯೆಯೇ ಬಂದರು, ಮಗಳ ವಯಸ್ಸಿನವರು. ಕೈಯಲ್ಲಿ ನಾನು ಬರೆದುಕೊಟ್ಟ ನಮೂನೆ ಇತ್ತು.

“ಅಮ್ಮ, ಬಲ ಸೊಂಟದ ಮೇಲೆ ಏನಾದರೂ ಗಾಯ ಇದೆಯಾ?”

“ಗಾಯ ಅಂತ ಏನಿಲ್ಲ ಡಾಕ್ಟ್ರೇ, ಲಾಡಿ ಉಜ್ಜಿ ಉಜ್ಜಿ ಆದದ್ದು.”

“ಒಂದು ಸಲ ನೋಡಲಾ?”

ಗೌನ್ ಸರಿಸಿ ತೋರಿಸಿದೆ. ಅವರು ಟಾರ್ಚ್ ಹಿಡಿದು ಬಗ್ಗಿ ನೋಡಿದರು, ಕೈಗವಸಿನ ಬೆರಳಿನಿಂದ ಅಂಚನ್ನು ಒತ್ತಿದರು, ಎಷ್ಟು ದಿನವಾಯಿತೆಂದು ಕೇಳಿದರು. ಮೂರು ವರ್ಷವಾಗಿರಬಹುದು ಎಂದೆ. ಅವರು ಟಾರ್ಚ್ ಆರಿಸಿ ಒಂದು ಗಳಿಗೆ ಸುಮ್ಮನೆ ನಿಂತರು.

ಆ ಹುಣ್ಣಿನ ಕಥೆಯನ್ನು ಇಲ್ಲಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೆ ಸೀರೆಯಲ್ಲೇ ಶಾಲೆಗೆ ಹೋದವಳು. ದಿನಕ್ಕೆ ಐದಾರು ತರಗತಿ, ಕೈ ಎತ್ತಿ ಕರಿಹಲಗೆಯ ತುದಿಯಿಂದ ತುದಿಗೆ ಬರೆಯುವುದು, ಹೋಗಿ ಬರಲು ನಿಂತುಕೊಂಡೇ ಬಸ್ಸಿನ ಪ್ರಯಾಣ. ನೆರಿಗೆ ಜಾರಬಾರದೆಂದರೆ ಒಳಗಿನ ಲಂಗ ಬಿಗಿಯಾಗಿರಬೇಕು. ಹತ್ತಿಯ ದಪ್ಪ ಲಾಡಿಯನ್ನು ಉಸಿರು ಒಳಗೆಳೆದುಕೊಂಡು ಬಿಗಿದು, ಬಲಗಡೆ ಗಂಟು ಹಾಕುತ್ತಿದ್ದೆ. ನನ್ನ ಅವ್ವ ಕಲಿಸಿದ್ದೇ ಹಾಗೆ. ರಾತ್ರಿ ಬಿಚ್ಚಿದಾಗ ಸೊಂಟದ ಸುತ್ತ ಬೆರಳು ಹೂಳುವಷ್ಟು ಆಳದ ಗೆರೆ ಮೂಡಿರುತ್ತಿತ್ತು. ವರ್ಷಗಳು ಕಳೆದಂತೆ ಆ ಗೆರೆ ಕಪ್ಪು ಪಟ್ಟಿಯಾಯಿತು. ಬೇಸಿಗೆಯಲ್ಲಿ ಬೆವರಿಗೆ ತುರಿಸುತ್ತಿತ್ತು. ಗಂಟು ಕೂರುವ ಜಾಗದಲ್ಲಿ ಮಾತ್ರ ಕಪ್ಪು ಬಣ್ಣ ಕಳೆದು ಬಿಳಿಚಿಕೊಂಡು, ಚರ್ಮ ಹುರುಪೆ ಎದ್ದು, ನಿವೃತ್ತಿಯ ನಂತರ ಒಂದು ದಿನ ಅಲ್ಲಿಯೇ ಸೀಳಿತು. ಹಕ್ಕಳೆ ಕಟ್ಟುವುದು, ಸ್ನಾನದಲ್ಲಿ ಉದುರುವುದು, ಮತ್ತೆ ಕಟ್ಟುವುದು. ಅರಿಸಿನ, ಕೊಬ್ಬರಿ ಎಣ್ಣೆ, ಔಷಧದ ಅಂಗಡಿಯವನು ಹುಳಕಡ್ಡಿಗೆಂದು ಕೊಟ್ಟ ಮುಲಾಮು, ಎಲ್ಲವೂ ಆದವು. ಮುಲಾಮಿಗೆ ತುರಿಕೆ ನಿಂತಿತು, ಹುಣ್ಣು ನಿಲ್ಲಲಿಲ್ಲ. ಕೊನೆಕೊನೆಗೆ ಅದರ ಅಂಚು ಹೊಲದ ಬದುವಿನಂತೆ ಗಟ್ಟಿಯಾಗಿ ಎದ್ದಿತ್ತು, ನಡುವೆ ತೇವ, ಒಮ್ಮೊಮ್ಮೆ ಲಂಗಕ್ಕೆ ರಕ್ತದ ಕಲೆ. ಲಾಡಿಗೂ ಹುಣ್ಣಿಗೂ ನಡುವೆ ಹಳೆಯ ಪಂಚೆಯ ತುಂಡನ್ನು ಮಡಚಿ ಇಟ್ಟುಕೊಂಡು ಅದರ ಮೇಲೆಯೇ ಮತ್ತೆ ಬಿಗಿಯುತ್ತಿದ್ದೆ.

ಈ ಮೂರು ವರ್ಷಗಳಲ್ಲಿ ನಾನು ಕನಿಷ್ಠ ನಾಲ್ಕು ಸಲ ಕ್ಯಾನ್ಸರ್ ತಪಾಸಣೆಗೆ ಹೋಗಿದ್ದೆ. ಎದೆ, ಕಂಕುಳು, ಕುತ್ತಿಗೆ ನೋಡಿದರು, ಹೊಟ್ಟೆಯನ್ನು ಲಾಡಿಯ ಮೇಲ್ಗಡೆಯಿಂದ ಒತ್ತಿ ನೋಡಿದರು. ಲಾಡಿ ಸಡಿಲಿಸಿ ಎಂದು ಯಾರೂ ಹೇಳಲಿಲ್ಲ, ನಾನೂ ಸಡಿಲಿಸಲಿಲ್ಲ. ಆ ಜಾಗ ನಾಚಿಕೆಯದೇನೂ ಅಲ್ಲ. ಸೀರೆ ಉಟ್ಟಾಗ ಅದರ ಒಂದಂಗುಲ ಮೇಲಿನ ಚರ್ಮ ಎಲ್ಲರಿಗೂ ಕಾಣುತ್ತದೆ. ಆದರೂ ಲಾಡಿಯ ಕೆಳಗಿನದು ಯಾರ ಪಾಲಿಗೂ ಬಾರದ ಊರಿನ ಗಡಿಯಂತೆ ಉಳಿದುಬಿಟ್ಟಿತ್ತು. ಎದೆಯಲ್ಲಿ ಒಂದು ಗುಳ್ಳೆ ಕಂಡರೂ ಎದ್ದುಬಿದ್ದು ಬೆಂಗಳೂರಿಗೆ ಓಡುತ್ತಿದ್ದವಳು, ಅಲ್ಲಿಂದ ಒಂದು ಗೇಣು ಕೆಳಗಿನ ರಕ್ತವನ್ನು ತೊಳೆದು ಒಣಗಹಾಕುತ್ತಿದ್ದೆ. ಈ ಸಂಗತಿ ಈಗಲೂ ನನ್ನನ್ನು ಕಾಡುತ್ತದೆ.

ವೈದ್ಯೆ ನನ್ನನ್ನೂ ಮಗಳನ್ನೂ ಒಳಗೆ ಕರೆದು ಪರದೆಯ ಮೇಲೆ ಚಿತ್ರ ತೋರಿಸಿದರು. ಬೂದುಬಣ್ಣದ ಮೈಯಲ್ಲಿ ಮಿದುಳು, ಹೃದಯ, ಮೂತ್ರಪಿಂಡ, ಮೂತ್ರಕೋಶ ಕಪ್ಪಾಗಿ ಕಾಣುತ್ತಿದ್ದವು. ಅವು ಹಾಗೆ ಕಾಣುವುದು ಸಹಜವಂತೆ. ಬೆನ್ನುಮೂಳೆಯಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ಕೆಳಗಿನ ಎರಡು ಕೀಲುಗಳು ಸವೆದಿವೆ, ಅಲ್ಲಿ ತೆಳು ಛಾಯೆ ಇದೆ, ನೋವು ಅದರದೇ ಎಂದರು. ಆ ಮಾತಿಗೆ ಮಗಳು ಅಳತೊಡಗಿದಳು. ಆಮೇಲೆ ಅವರು ಮೈಯ ಬಲ ಅಂಚಿನಲ್ಲಿದ್ದ ಒಂದು ಕಪ್ಪು ಬೊಟ್ಟನ್ನು ತೋರಿಸಿದರು. ಯಾವ ಅಂಗಕ್ಕೂ ಸೇರದೆ, ಮೈಗೆರೆಯ ಮೇಲೆಯೇ, ಗೋಡೆಗೆ ಅಂಟಿಸಿಟ್ಟ ಬಿಂದಿಯಂತೆ ಅದು ಒಂಟಿಯಾಗಿ ಕೂತಿತ್ತು. ಅದರ ಎಸ್‌ಯುವಿ 9.2 ಎಂದರು. ಔಷಧ ಮೈತುಂಬ ಸಮವಾಗಿ ಹರಡಿದ್ದರೆ ಎಲ್ಲೆಡೆ ಒಂದರ ಆಸುಪಾಸು ಇರಬೇಕಾದ ಅಂಕಿ ಅದು; ಅಂದರೆ ಆ ಒಂದಿಂಚು ಚರ್ಮ ತನ್ನ ಪಾಲಿಗಿಂತ ಒಂಬತ್ತು ಪಟ್ಟು ಸಕ್ಕರೆ ಎಳೆದುಕೊಂಡಿತ್ತು.

“ಇದು ಕ್ಯಾನ್ಸರ್ ಅಂತ ನಾನು ಹೇಳುತ್ತಿಲ್ಲ, ಅಮ್ಮ. ಕೀವು ಇದ್ದರೂ, ಉರಿಯೂತ ಇದ್ದರೂ ಹೀಗೇ ಕಾಣಬಹುದು. ಮೂತ್ರದ ಹನಿಯೇನೋ ಅಂದುಕೊಂಡು ಎರಡನೇ ಸಲ ತೆಗೆಸಿದೆ. ಮೂರು ವರ್ಷ ಮಾಯದ ಹುಣ್ಣನ್ನು ಬಯಾಪ್ಸಿ ಮಾಡಿಸದೆ ಬಿಡಬೇಡಿ” ಎಂದರು. ವರದಿಯಲ್ಲಿಯೂ ಅದನ್ನು ಕೊನೆಯ ಸಾಲಿಗೆ ತಳ್ಳದೆ, ಬೆನ್ನುಮೂಳೆಯ ವಿಷಯಕ್ಕಿಂತ ಮೇಲೆಯೇ ಬರೆದಿದ್ದರು. ಕೇಳಿದ್ದು ಎಲುಬಿನ ಬಗ್ಗೆ, ಹಾಗಾಗಿ ಎಲುಬಿಗಷ್ಟೇ ಉತ್ತರ ಬರೆದು, ಚರ್ಮದ ಬೊಟ್ಟನ್ನು ಮೂತ್ರದ ಕಲೆಯೆಂದು ಬಿಟ್ಟಿದ್ದರೆ ಅವರನ್ನು ಯಾರೂ ತಪ್ಪೆನ್ನುತ್ತಿರಲಿಲ್ಲ. ಅವರು ಎದ್ದು ಬಂದು ನೋಡಿದರು. ಆ ಋಣ ನನ್ನ ಮೇಲೆ ದೊಡ್ಡದಿದೆ.

ಆ ದಿನ ಸಂಜೆಯವರೆಗೆ ಚಿಕ್ಕ ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಕೂರಿಸಿಕೊಳ್ಳಬಾರದು, ನೀರು ಹೆಚ್ಚು ಕುಡಿಯಬೇಕು ಎಂದು ಹೇಳಿ ಕಳಿಸಿದ್ದರು. ಮಗಳ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಕೂತರೆ ಅವಳು ಹೊರಗೆ ನಿಂತು, “ಅಜ್ಜಿ, ಯಾಕೆ ಬಾಗಿಲು ಹಾಕಿದ್ದೀಯ?” ಎಂದು ಬಡಿಯುತ್ತಿದ್ದಳು. 110 ನಿಮಿಷಕ್ಕೆ ಅರ್ಧ, ಮತ್ತೆ 110 ನಿಮಿಷಕ್ಕೆ ಅದರರ್ಧ ಎಂದು ಬೆರಳೆಣಿಸುತ್ತಾ ರಾತ್ರಿ ಎಂಟರವರೆಗೆ ಕಾದು, ಆಮೇಲೆ ಬಾಗಿಲು ತೆರೆದೆ. ಅವಳು ಅಷ್ಟರಲ್ಲಿ ಹೊಸ್ತಿಲಿನ ಬಳಿಯೇ ನಿದ್ದೆಹೋಗಿದ್ದಳು.

ಚರ್ಮರೋಗ ತಜ್ಞರು ಹುಣ್ಣಿನ ನಡುವಿನಿಂದಲ್ಲ, ಎದ್ದ ಅಂಚಿನಿಂದ ನಾಲ್ಕು ಮಿಲಿಮೀಟರ್ ಅಗಲದ ಒಂದು ತುಣುಕನ್ನು ತೆಗೆದರು. ಉತ್ತರ ಬರಲು ಆರು ದಿನ ಹಿಡಿಯಿತು. ಆ ಆರು ದಿನಗಳಲ್ಲಿ ನಮ್ಮನ್ನು ಕಾಡಿದ ಪ್ರಶ್ನೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದಕ್ಕಿಂತ, ಹಳೆಯದೋ ಹೊಸದೋ ಎಂಬುದಾಗಿತ್ತು. ಸ್ತನದ ಕ್ಯಾನ್ಸರ್ ಕೆಲವೊಮ್ಮೆ ಚರ್ಮದಲ್ಲಿಯೂ ಮರಳಿ ಕಾಣಿಸಿಕೊಳ್ಳುತ್ತದೆ. ಹಾಗಾಗಿದ್ದರೆ ಅದು ಮೈಯೆಲ್ಲ ಹರಡುವ ಕಾಯಿಲೆಯ ಲಕ್ಷಣ. ವರದಿ ಬಂದಾಗ ಅದರಲ್ಲಿ ‘ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ’ ಎಂದಿತ್ತು. ಚರ್ಮದ ಮೇಲ್ಪದರದಲ್ಲಿಯೇ ಹುಟ್ಟುವ ಕ್ಯಾನ್ಸರ್. ಸ್ತನಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಸ ಕ್ಯಾನ್ಸರ್ ಬಂದಿದೆ ಎಂಬ ಮಾತು ಸಮಾಧಾನ ಕೊಡಬಹುದೆಂದು ನಾನು ಎಂದೂ ಎಣಿಸಿರಲಿಲ್ಲ. ನಮ್ಮ ಯಜಮಾನರು ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡು, “ಒಂದೇ ಜಾಗದಾಗ ಐತಿ. ತಗದ್ರ ಮುಗೀತು” ಎಂದರು. ಅವರ ಕೈ ನಡುಗುತ್ತಿತ್ತು.

ಶಸ್ತ್ರಚಿಕಿತ್ಸಕರು ಲಾಡಿಯ ವಿಷಯ ಕೇಳಿದಾಕ್ಷಣ ತಲೆಯಾಡಿಸಿದರು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ರೋಗಶಾಸ್ತ್ರಜ್ಞ ವಿ. ಆರ್. ಖಾನೋಲ್ಕರ್ 1945ರಲ್ಲಿಯೇ ಧೋತರದ ಬಿಗಿತದಿಂದ ಸೊಂಟದಲ್ಲಿ ಹುಟ್ಟುವ ಕ್ಯಾನ್ಸರಿನ ಬಗ್ಗೆ ಬರೆದಿದ್ದರೆಂದೂ, ಆಮೇಲೆ ಹೆಂಗಸರಲ್ಲಿ ಕಂಡದ್ದಕ್ಕೆ ‘ಸೀರೆ ಕ್ಯಾನ್ಸರ್’ ಎಂಬ ಹೆಸರು ಬಂತೆಂದೂ ಹೇಳಿದರು. ಕಾಶ್ಮೀರದಲ್ಲಿ ಚಳಿಗೆ ನಿಲುವಂಗಿಯೊಳಗೆ ಇಟ್ಟುಕೊಳ್ಳುವ ಕೆಂಡದ ಕಾಂಗ್ರಿಯಿಂದ ಹೊಟ್ಟೆ, ತೊಡೆಗಳ ಮೇಲೆ ಆಗುವುದೂ ಇದೇ ಜಾತಿಯದು. ಒಂದೇ ಜಾಗದ ಚರ್ಮ ವರ್ಷಾನುಗಟ್ಟಲೆ ಕೆಡುತ್ತಾ, ಮಾಯುತ್ತಾ, ಮತ್ತೆ ಕೆಡುತ್ತಾ ಹೋದರೆ ಹೊಸ ಕೋಶಗಳು ಹುಟ್ಟುವ ಕ್ರಮವೇ ಒಂದು ದಿನ ದಾರಿ ತಪ್ಪುತ್ತದೆ. ಮಗಳು ಹುಡುಕಿ ಓದಿದ ಇನ್ನೊಂದು ಲೇಖನ 2024ರದು. ಮಹಾರಾಷ್ಟ್ರ ಮತ್ತು ಬಿಹಾರದ ವೈದ್ಯರು ಇಂಥ ಇಬ್ಬರು ವೃದ್ಧೆಯರ ವಿವರ ಬರೆದು, ತಪ್ಪು ಸೀರೆಯದಲ್ಲ, ಲಂಗದ ಲಾಡಿಯದು, ಆದ್ದರಿಂದ ‘ಪೆಟಿಕೋಟ್ ಕ್ಯಾನ್ಸರ್’ ಎಂಬ ಹೆಸರೇ ಸರಿ ಎಂದಿದ್ದಾರೆ. ಇದು ಅಪರೂಪದ ಕಾಯಿಲೆ. ಸೀರೆ ಉಡುವ ಕೋಟ್ಯಂತರ ಹೆಂಗಸರಲ್ಲಿ ತೀರಾ ಕೆಲವರಿಗೆ ಮಾತ್ರ ಬರುವಂಥದು. ಆದರೆ ಕಪ್ಪು ಪಟ್ಟಿ, ತುರಿಕೆ, ಹುರುಪೆ ನನ್ನ ಓರಗೆಯ ಶಿಕ್ಷಕಿಯರಲ್ಲಿ ಇಲ್ಲದವರನ್ನು ಹುಡುಕಬೇಕು. ಶಿಕ್ಷಕಿಯರ ಕೊಠಡಿಯಲ್ಲಿ ಅದನ್ನು ನಾವು ಕಾಲಿನ ಆಣಿಯಷ್ಟು ಸಾಮಾನ್ಯವಾಗಿ ಮಾತಾಡಿಕೊಳ್ಳುತ್ತಿದ್ದೆವು.

ಹುಣ್ಣು ಸೊಂಟದಲ್ಲಿದ್ದುದರಿಂದ ಇನ್ನೊಂದು ತೊಡಕಿತ್ತು. ಹೊಕ್ಕುಳಿನ ಮಟ್ಟದಿಂದ ಮೇಲಿನ ಚರ್ಮದ ದುಗ್ಧರಸ ಕಂಕುಳಿನ ಗ್ರಂಥಿಗಳಿಗೆ, ಕೆಳಗಿನದು ತೊಡೆಸಂದಿನ ಗ್ರಂಥಿಗಳಿಗೆ ಹರಿಯುತ್ತದೆ. ಲಾಡಿ ಕೂರುವುದು ಸರಿಯಾಗಿ ಆ ಎರಡರ ನಡುವಿನ ಗಡಿಯ ಮೇಲೆ. ನನ್ನ ಬಲ ಕಂಕುಳಿನ ಗ್ರಂಥಿಗಳು 2017ರಲ್ಲೇ ಹೋಗಿದ್ದವು. ಹಾಗಾಗಿ ಎರಡೂ ಕಂಕುಳು, ಎರಡೂ ತೊಡೆಸಂದುಗಳನ್ನು ಕೈಯಿಂದ ಮುಟ್ಟಿ ನೋಡಿ, ಅಲ್ಟ್ರಾಸೌಂಡ್ ಮಾಡಿಸಿದರು. ಪೆಟ್ ಚಿತ್ರದಲ್ಲಿ ಆ ಜಾಗಗಳು ಶಾಂತವಾಗಿದ್ದರೂ ಅಷ್ಟಕ್ಕೇ ಬಿಡಲಿಲ್ಲ. ಕೆಲವೇ ಮಿಲಿಮೀಟರಿನ ಗಡ್ಡೆಯನ್ನು ಪೆಟ್ ತೋರಿಸದೆಯೂ ಇರಬಹುದು ಎಂದರು. ಅಲ್ಟ್ರಾಸೌಂಡಿನಲ್ಲಿಯೂ ಏನೂ ಕಾಣಲಿಲ್ಲ.

ಫೆಬ್ರುವರಿಯ ಎರಡನೆಯ ವಾರದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಆ ಭಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟಿದ್ದರಿಂದ ಎಲ್ಲ ಮಾತೂ ಕೇಳಿಸುತ್ತಿತ್ತು. ಹುಣ್ಣಿನ ಸುತ್ತ ನೀಲಿ ಪೆನ್ನಿನಿಂದ ಗೆರೆ ಎಳೆದು, ಅದರಾಚೆ ಒಂದು ಸೆಂಟಿಮೀಟರ್ ಅಳೆದು ಇನ್ನೊಂದು ಗೆರೆ ಎಳೆದರು. ಕತ್ತರಿಸುವುದು ಹೊರಗಿನ ಗೆರೆಯಲ್ಲಿ. ತೆಗೆದ ತುಂಡಿಗೆ ಎರಡು ಕಡೆ ದಾರ ಕಟ್ಟುವಾಗ ಶಸ್ತ್ರಚಿಕಿತ್ಸಕರು, “ಮೇಲ್ಗಡೆ ಗಿಡ್ಡ ದಾರ, ಪಕ್ಕಕ್ಕೆ ಉದ್ದ ದಾರ. ಬರೆದುಕೊಂಡ್ರಾ?” ಎಂದು ನರ್ಸನ್ನು ಎರಡು ಸಲ ಕೇಳಿದರು. ಪರೀಕ್ಷೆಯಲ್ಲಿ ಯಾವುದಾದರೂ ಅಂಚಿನಲ್ಲಿ ರೋಗ ಉಳಿದಿದ್ದರೆ ಅದು ಮೈಯ ಯಾವ ಬದಿಯದೆಂದು ತಿಳಿಯುವುದು ಆ ದಾರಗಳಿಂದಲೇ. ತೊಡೆಯ ಚರ್ಮ ತೆಗೆದು ಕೂರಿಸಬೇಕಾಗಬಹುದು ಎಂದಿದ್ದವರು, ವಯಸ್ಸಿಗೆ ಸೊಂಟದ ಚರ್ಮ ಸಡಿಲಾಗಿದ್ದುದರಿಂದ ಎರಡು ಅಂಚುಗಳನ್ನೇ ಎಳೆದು ಹೊಲಿದರು.

ಹತ್ತು ದಿನಗಳ ನಂತರ ಬಂದ ವರದಿಯಲ್ಲಿ ಹುಣ್ಣಿನ ಅಗಲ 2.6 ಸೆಂಟಿಮೀಟರ್, ಆಳ 4 ಮಿಲಿಮೀಟರ್, ಎಲ್ಲ ಅಂಚುಗಳೂ ರೋಗಮುಕ್ತ, ನರಗಳ ಸುತ್ತ ಹರಡಿಲ್ಲ ಎಂದಿತ್ತು. ರೇಡಿಯೇಶನ್ ಬೇಡವೆಂದು ತೀರ್ಮಾನವಾಯಿತು. ಏರಿದ್ದ ಸಿಎ 15-3 ಮುಂದಿನ ಎರಡು ಪರೀಕ್ಷೆಗಳಲ್ಲಿ ತಾನಾಗಿಯೇ ಇಳಿಯಿತು. ಬೆನ್ನುನೋವು ಮಾತ್ರ ವ್ಯಾಯಾಮ, ಕ್ಯಾಲ್ಸಿಯಂ ಮಾತ್ರೆಗಳ ಜೊತೆ ಇನ್ನೂ ಇದೆ. ಅದು ಬಾರದೇ ಇದ್ದಿದ್ದರೆ ನಾನು ಆ ಯಂತ್ರದ ಹತ್ತಿರ ಸುಳಿಯುತ್ತಿರಲಿಲ್ಲ, ಆದ್ದರಿಂದ ಅದರ ಮೇಲೆ ನನಗೆ ಸಿಟ್ಟಿಲ್ಲ.

ಹೊಲಿಗೆಯ ಗುರುತು ಸರಿಯಾಗಿ ಲಾಡಿಯ ಗೆರೆಯ ಮೇಲೆಯೇ ಬಂದಿದೆ. ಮೂರು ತಿಂಗಳು ನೈಟಿಯಲ್ಲೇ ಇದ್ದೆ. ಸೀರೆ ಬಿಡಲು ಮನಸ್ಸಾಗಲಿಲ್ಲ. ನಮ್ಮೂರಿನ ದರ್ಜಿಯ ಹೆಂಡತಿ ನನ್ನ ಲಂಗಗಳ ಲಾಡಿಯನ್ನೆಲ್ಲ ಬಿಚ್ಚಿ, ನಾಲ್ಕು ಬೆರಳಗಲದ ಮೆತ್ತನೆಯ ಪಟ್ಟಿ ಹೊಲಿದು, ಸಾಲಾಗಿ ಕೊಕ್ಕೆಗಳನ್ನಿಟ್ಟು ಕೊಟ್ಟಳು. ಬೆಳಿಗ್ಗೆ ಒಂದು ಕೊಕ್ಕೆಗೆ, ಊಟವಾದ ಮೇಲೆ ಅದರ ಮುಂದಿನದಕ್ಕೆ ಸಡಿಲಿಸಬಹುದು. ಭಾರ ಒಂದೇ ಗೆರೆಯ ಮೇಲೆ ಬೀಳದೆ ಹರಡಿಕೊಳ್ಳುತ್ತದೆ. ನೆರಿಗೆ ಜಾರುವುದಿಲ್ಲ.

ಯುಗಾದಿಗೆ ಬಂದಿದ್ದ ತಂಗಿಗೆ ಅಡುಗೆಮನೆಯಲ್ಲಿ ಇದನ್ನೆಲ್ಲ ಹೇಳುತ್ತಿದ್ದೆ. ಅವಳು ಹೋಳಿಗೆಯ ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸಿ, “ಯಕ್ಕಾ, ನಂಗೂ ಅಲ್ಲೇ ಕರ್ರಗ ಆಗೇತಿ. ಒಂದೀಟು ಬಿರ್ಕನೂ ಬಿಟ್ಟೈತಿ” ಎಂದಳು. ಬಾಗಿಲು ಹಾಕಿ ಲಾಡಿ ಬಿಚ್ಚಿಸಿ, ಕಿಟಕಿಯ ಬೆಳಕಿಗೆ ನಿಲ್ಲಿಸಿ ನೋಡಿದೆ. ಕಪ್ಪು ಪಟ್ಟಿಯ ನಡುವೆ ಅಕ್ಕಿಕಾಳಿನುದ್ದದ ಬಿರುಕು. ಅಂಚು ಇನ್ನೂ ಮೆತ್ತಗಿತ್ತು. ಹಬ್ಬದ ಮರುದಿನವೇ ದಾವಣಗೆರೆಯ ಚರ್ಮರೋಗ ತಜ್ಞರಲ್ಲಿಗೆ ಕರೆದುಕೊಂಡು ಹೋದೆ. ಬರೀ ತಿಕ್ಕಾಟದ ಗಾಯ, ಹೆದರಬೇಕಿಲ್ಲ, ಲಾಡಿ ಬಿಟ್ಟು ಆರು ವಾರ ಮುಲಾಮು ಹಚ್ಚಲಿ, ಮಾಯದಿದ್ದರೆ ತುಣುಕು ತೆಗೆದು ನೋಡೋಣ ಎಂದರು. ಐದನೆಯ ವಾರದಲ್ಲಿ ತಂಗಿ ಫೋನ್ ಮಾಡಿ, ಬಿರುಕು ಕೂಡಿಕೊಂಡಿದೆ, ನನ್ನ ಲಂಗಗಳನ್ನೂ ಆ ದರ್ಜಿಯವಳಿಗೆ ಕೊಡು, ಒಟ್ಟು ಆರು ಇವೆ ಎಂದಳು. ಬಸ್ಸಿನಲ್ಲಿ ಕಳಿಸಿದ್ದಾಳೆ, ನಾಳೆ ಹೊಲಿಯಲು ಕೊಡಬೇಕು.